ಲೋಳೆಯೇ ಬೆಂಡೆಯ ಸತ್ವ: ಬೀಜ ಊರುವುದರಿಂದ ಬೀಜ ಎತ್ತಿಡುವವರೆಗೆ

ಸಂತೆಯಲ್ಲಿ ಬೆಂಡೆಕಾಯಿ ರಾಶಿಯ ಮುಂದೆ ಕೂತವರ ಕೈಯನ್ನೊಮ್ಮೆ ಗಮನಿಸಿ. ಒಂದೊಂದೇ ಕಾಯಿ ಎತ್ತಿ ಹೆಬ್ಬೆರಳಿನಿಂದ ತುದಿ ಒತ್ತುತ್ತಾರೆ. ಟಕ್ ಎಂದು ಮುರಿದರೆ ಚೀಲಕ್ಕೆ, ಬಾಗಿ ನಾರೆಳೆದರೆ ವಾಪಸ್ ರಾಶಿಗೆ. "ಅಕ್ಕಾ, ಎಲ್ಲಾದ್ರದ್ದೂ ತುದಿ ಮುರೀಬ್ಯಾಡ್ರಿ, ಎಳೇದೇ ಐತೆ" ಎಂದು ಮಾರುವವರು ಗೊಣಗುತ್ತಲೇ ಇರುತ್ತಾರೆ. ಪಾಪ, ಅವರ ಕಷ್ಟವೂ ನಿಜ. ತುದಿ ಮುರಿದ ಕಾಯಿ ಸಂಜೆಯೊಳಗೆ ಕಪ್ಪಾಗುತ್ತದೆ.

ಹಿತ್ತಲಲ್ಲಿ ಇಪ್ಪತ್ತು ಗಿಡ ಇದ್ದವರಿಗೆ ಈ ತಕರಾರು ಇಲ್ಲ. ಬೆಂಡೆಯ ಔಷಧಿ ಗುಣದ ಬಗ್ಗೆ ಫೋನಿಗೆ ದಿನಕ್ಕೊಂದು ವಿಡಿಯೊ ಬರುತ್ತದೆ: ರಾತ್ರಿ ನೆನೆಹಾಕಿ ಬೆಳಿಗ್ಗೆ ನೀರು ಕುಡಿಯಿರಿ, ಸಕ್ಕರೆ ಕಾಯಿಲೆ ಮಾಯ. ಇಷ್ಟು ವರ್ಷ ಬೆಳೆದು, ತಿಂದು, ಓದಿ ನಾನು ಬಂದು ನಿಂತಿರುವ ಜಾಗ ಬೇರೆ. ಬೆಂಡೆಯ ಗುಣ ಇರುವುದು ಎಳೆಕಾಯಿಯಲ್ಲಿ, ಅದರಲ್ಲೂ ನಾವು ಹೇಗಾದರೂ ತೊಲಗಲಿ ಎಂದು ಒದ್ದಾಡುವ ಆ ಲೋಳೆಯಲ್ಲಿ. ವಿಷ ಬೀಳದ ಎಳೆಕಾಯಿ ವಾರಕ್ಕೆ ಮೂರು ಸಲ ತಟ್ಟೆಗೆ ಬರಬೇಕೆಂದರೆ ನಾವೇ ಬೆಳೆದುಕೊಳ್ಳುವುದು ಒಳ್ಳೆಯದು. ಅದಕ್ಕೆ ಬೇಕಾದ್ದನ್ನೆಲ್ಲ ಮೊದಲಿಂದ ಹೇಳುತ್ತೇನೆ.

ಗಿಡದ ಗುರುತು

ಬೆಂಡೆ ದಾಸವಾಳದ ಮನೆತನದ ಗಿಡ. ಹತ್ತಿ, ಹೂವರಸಿ, ಪುಂಡಿ ಎಲ್ಲ ಇದರ ನೆಂಟರು. ಹೂವು ನೋಡಿದರೆ ಸಾಕು, ನೆಂಟಸ್ತಿಕೆ ಗೊತ್ತಾಗುತ್ತದೆ: ತೆಳು ಹಳದಿ ಎಸಳು, ನಡುವೆ ಕುಂಕುಮದ ಬಟ್ಟಲಿನಂಥ ಕಡುಗೆಂಪು. ಬೆಳಿಗ್ಗೆ ಅರಳಿ ಸಂಜೆಗೆ ಮುದುಡುತ್ತದೆ. ಸಸ್ಯಶಾಸ್ತ್ರದ ಹೆಸರು ಅಬೆಲ್ಮೊಸ್ಕಸ್ ಎಸ್ಕುಲೆಂಟಸ್. ಮೂಲ ಆಫ್ರಿಕಾವೋ ಭಾರತವೋ ಎಂಬ ಚರ್ಚೆ ವಿಜ್ಞಾನಿಗಳಲ್ಲಿ ಇನ್ನೂ ಮುಗಿದಿಲ್ಲ. ಇವತ್ತು ಜಗತ್ತಿನಲ್ಲಿ ಅತಿ ಹೆಚ್ಚು ಬೆಂಡೆ ಬೆಳೆಯುವ ದೇಶ ಮಾತ್ರ ನಮ್ಮದೇ.

ಒಂದು ಎಚ್ಚರ. ಆಯುರ್ವೇದದಲ್ಲಿ ಲತಾಕಸ್ತೂರಿ ಎಂದು ಬರುವುದು ಕಸ್ತೂರಿ ಬೆಂಡೆ. ಬೀಜ ಉಜ್ಜಿದರೆ ಕಸ್ತೂರಿಯ ಪರಿಮಳ ಬರುವ ಬೇರೆಯೇ ಗಿಡ ಅದು. ಹೂವೂ ಎಲೆಯೂ ಬೆಂಡೆಯನ್ನೇ ಹೋಲುತ್ತವೆ. ಅದರ ಬಗ್ಗೆ ಹೇಳಿದ ಗುಣಗಳನ್ನು ತಂದು ಪಲ್ಯದ ಬೆಂಡೆಗೆ ಅಂಟಿಸುವುದು ಬೇಡ.

ಊರುವ ಕಾಲ

ಬೆಂಡೆಗೆ ಬೆಚ್ಚಗಿನ ಮಣ್ಣು ಬೇಕು. ಚಳಿ ಕಂಡರೆ ಬೀಜ ಏಳುವುದೇ ಇಲ್ಲ. ಒಂದು ವರ್ಷ ಹಟ ಹಿಡಿದು ಡಿಸೆಂಬರ್ ಮೊದಲ ವಾರ ಮೂವತ್ತು ಬೀಜ ಊರಿದೆ. ಎದ್ದದ್ದು ಏಳು. ಆ ಏಳೂ ಎರಡೆಲೆ ಬಿಟ್ಟು ಒಂದು ತಿಂಗಳು ಹಾಗೇ ನಿಂತವು. ಅದೇ ಬೀಜದ ಉಳಿದ ಪಾಲನ್ನು ಫೆಬ್ರವರಿಯಲ್ಲಿ ಊರಿದಾಗ ಐದನೇ ದಿನಕ್ಕೆ ಸಾಲು ತುಂಬಿತ್ತು. ಬೀಜ ಕೊಟ್ಟವರನ್ನು ಬೈದುಕೊಂಡಿದ್ದೆ, ತಪ್ಪು ಅವರದ್ದಾಗಿರಲಿಲ್ಲ.

ಬಯಲುಸೀಮೆಯಲ್ಲಿ ಜೂನ್–ಜುಲೈ ಮುಂಗಾರಿಗೆ ಒಂದು, ಜನವರಿ ಕೊನೆಯಿಂದ ಮಾರ್ಚ್‌ವರೆಗೆ ಬೇಸಿಗೆಗೆ ಒಂದು, ಹೀಗೆ ಎರಡು ಸರದಿ ಸಲೀಸು. ಕರಾವಳಿ, ಮಲೆನಾಡಿನವರು ಮಳೆ ಹಿಡಿಯುವ ಮೊದಲೇ ಊರಬೇಕು. ತುಳುನಾಡಿನಲ್ಲಿ ಮೇ ತಿಂಗಳ ಕೊನೆಗೆ, ಪತ್ತನಾಜೆ ಎಂಬ ದಿನದ ಆಸುಪಾಸಿನಲ್ಲಿ ಅಂಗಳದ ತರಕಾರಿಗೆ ಮಣ್ಣು ಏರಿಸುತ್ತಾರಲ್ಲ, ಅದು ಅನುಭವದಿಂದ ಬಂದ ಲೆಕ್ಕ. ಜೋರು ಮಳೆ ಬರುವಷ್ಟರಲ್ಲಿ ಗಿಡ ಗೇಣುದ್ದವಾಗಿ ಬೇರು ಕಚ್ಚಿರಬೇಕು. ಹೊಸ ಮೊಳಕೆಯ ಮೇಲೆ ಆಷಾಢದ ಮಳೆ ಬಿದ್ದರೆ ಕೊಳೆತೇ ಹೋಗುತ್ತದೆ.

ತಳಿ

ಇಲ್ಲಿ ಸ್ವಲ್ಪ ಕತೆ ಹೇಳಬೇಕು, ಏಕೆಂದರೆ ತಳಿ ಆರಿಸುವುದೆಂದರೆ ಒಂದು ರೋಗದ ಜೊತೆ ಲೆಕ್ಕ ಹಾಕುವುದು. ಹಳದಿ ನಂಜುರೋಗ (ವೈರಸ್‌ನಿಂದ ಎಲೆಯ ನರ ಹಳದಿಯಾಗುವ ರೋಗ) ಎನ್ನುತ್ತೇವಲ್ಲ, ಅದು 1924ರಲ್ಲಿ ಆಗಿನ ಮುಂಬೈ ಪ್ರಾಂತದಲ್ಲಿ ಮೊದಲು ದಾಖಲಾಯಿತು. ಆಮೇಲೆ ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆ ಪೂಸಾ ಸಾವನಿ ಎಂಬ ತಳಿ ಕೊಟ್ಟಿತು. ಮೊದಲಿಗೆ ರೋಗ ತಡೆದುಕೊಂಡಿತು, ದೇಶವೆಲ್ಲ ಹಬ್ಬಿತು. ಬರುಬರುತ್ತ ಆ ಶಕ್ತಿ ಕುಂದಿ ಅದೂ ಹಳದಿಯಾಗತೊಡಗಿತು. ಆಗ ನಮ್ಮ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರು ಬೆಂಡೆಯನ್ನು ಅದರ ಕಾಡು ನೆಂಟ ಗಿಡದ ಜೊತೆ ಸಂಕರ ಮಾಡಿ ಅರ್ಕಾ ಅನಾಮಿಕ, ಅರ್ಕಾ ಅಭಯ್ ತಳಿಗಳನ್ನು ತೆಗೆದರು. ರೋಗ ತಡೆಯುವ ಗುಣ ಬಂದದ್ದು ಆ ಕಾಡು ಗಿಡದಿಂದ.

ಹೊಸದಾಗಿ ಶುರು ಮಾಡುವವರಿಗೆ ನನ್ನ ಸಲಹೆ ಅರ್ಕಾ ಅನಾಮಿಕ. ಹೈಬ್ರಿಡ್ ಅಲ್ಲ, ಹಾಗಾಗಿ ಬೀಜ ಎತ್ತಿಟ್ಟುಕೊಳ್ಳಬಹುದು. ಕಾಯಿ ಕಡುಹಸಿರು, ಐದು ಏಣು. ಬೇಸಿಗೆ ಬೆಳೆಗಂತೂ ರೋಗ ತಡೆಯುವ ತಳಿಯೇ ಬೇಕು.

ಮಳೆಗಾಲಕ್ಕೆ, ಜಾಗ ಇದ್ದರೆ, ನಾಲ್ಕು ಗಿಡ ಹಾಲುಬೆಂಡೆಯನ್ನೂ ಹಾಕಿ. ತಿಳಿ ಹಸಿರು, ಬಿಳಿಯೆನ್ನುವಷ್ಟು ತಿಳಿ, ಏಳೆಂಟು ಏಣು, ಗೇಣುದ್ದ ಬೆಳೆದರೂ ಎಳೆಯದಾಗಿಯೇ ಇರುತ್ತದೆ. ಕರಾವಳಿಯಲ್ಲಿ ಊರ ಬೆಂಡೆ ಎಂದು ಕೃಷ್ಣಾಷ್ಟಮಿ, ಚೌತಿಯ ಹೊತ್ತಿಗೆ ಮಾರುಕಟ್ಟೆಗೆ ಬರುವುದು ಇಂಥದ್ದೇ, ಬೆಲೆಯೂ ಜಾಸ್ತಿ. ರುಚಿಯಲ್ಲಿ ಇದಕ್ಕೆ ಸಮನಾದದ್ದು ನಾನು ತಿಂದಿಲ್ಲ. ಆದರೆ ಹಳದಿ ರೋಗಕ್ಕೆ ಬೇಗ ಸಿಕ್ಕಿಬೀಳುತ್ತದೆ, ಬೇಸಿಗೆಗೆ ಬೇಡ.

ಮಣ್ಣು ಮತ್ತು ಗೊಬ್ಬರ

ನೀರು ನಿಲ್ಲದ ಯಾವ ಮಣ್ಣಾದರೂ ಆದೀತು. ದಿನಕ್ಕೆ ಆರೇಳು ಗಂಟೆ ಬಿಸಿಲು ಮಾತ್ರ ಬೇಕೇ ಬೇಕು. ತೆಂಗಿನ ನೆರಳಲ್ಲಿ ಗಿಡ ಉದ್ದಕ್ಕೆ ಹೋಗುತ್ತದೆ, ಕಾಯಿ ಬಿಡುವುದಿಲ್ಲ. ಬೇರು ಆಳಕ್ಕೆ ಇಳಿಯುವ ಗಿಡ, ಅದಕ್ಕೆ ಒಂದಡಿ ಅಗೆದು ಹೆಂಟೆ ಒಡೆಯಿರಿ. ಮಳೆಗಾಲಕ್ಕೆ ಅರ್ಧ ಅಡಿಯಿಂದ ಮುಕ್ಕಾಲು ಅಡಿ ಎತ್ತರದ ಏರುಮಡಿ, ಬೇಸಿಗೆಗೆ ನೀರು ಹಿಡಿಯುವ ಹಾಗೆ ಸಾಲು.

ಹತ್ತು ಅಡಿ ಉದ್ದ, ಮೂರಡಿ ಅಗಲದ ಮಡಿಗೆ ಎರಡು ಬಾಂಡ್ಲಿ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಅರ್ಧ ಕೆಜಿ ಬೇವಿನ ಹಿಂಡಿ ಬೆರೆಸಿ ಒಂದು ವಾರ ಬಿಡುವುದು ನನ್ನ ಪದ್ಧತಿ. ಬೇವಿನ ಹಿಂಡಿ ಬಿಡಬೇಡಿ. ಬೆಂಡೆಯ ಬೇರಿಗೆ ಜಂತುಹುಳು ಬಿದ್ದು ಗಂಟುಗಂಟಾಗುವುದು ಬಹಳ ಸಾಮಾನ್ಯ, ಹಿಂಡಿ ಅದನ್ನು ಸಾಕಷ್ಟು ತಡೆಯುತ್ತದೆ. ಹಸಿ ಸಗಣಿ ಮಾತ್ರ ಹಾಕಬೇಡಿ, ಗೆದ್ದಲು ಕರೆದಂತೆ.

ಎಕರೆಗಟ್ಟಲೆ ಬೆಳೆಯುವವರಿಗೆ: ಎಕರೆಗೆ ಸುಮಾರು ಹತ್ತು ಟನ್ ಕೊಟ್ಟಿಗೆ ಗೊಬ್ಬರ, ಜೊತೆಗೆ 50 ಕೆಜಿ ಸಾರಜನಕ, 30 ಕೆಜಿ ರಂಜಕ, 25 ಕೆಜಿ ಪೊಟ್ಯಾಷ್ ಎಂಬುದು ಸಾಮಾನ್ಯ ಶಿಫಾರಸು. ಅರ್ಧ ಸಾರಜನಕ ಬಿತ್ತುವಾಗ, ಉಳಿದರ್ಧ ನಾಲ್ಕೈದು ವಾರ ಬಿಟ್ಟು. ಮಣ್ಣು ಪರೀಕ್ಷೆ ಮಾಡಿಸಿದ್ದರೆ ಅದರ ಪ್ರಕಾರವೇ ಹೋಗಿ. ಯೂರಿಯಾ ಅತಿಯಾದರೆ ಎಲೆ ಕಪ್ಪಗೆ ಮೆತ್ತಗಾಗಿ ರಸ ಹೀರುವ ಹುಳುಗಳೆಲ್ಲ ಅಲ್ಲಿಯೇ ಠಿಕಾಣಿ ಹೂಡುತ್ತವೆ.

ತಾರಸಿಯಲ್ಲಿ ಬೆಳೆಯುವುದಾದರೆ ಒಂದಡಿಗಿಂತ ಹೆಚ್ಚು ಆಳದ ಚೀಲ, ಒಂದು ಚೀಲಕ್ಕೆ ಒಂದೇ ಗಿಡ. ಎರಡು ಇಟ್ಟರೆ ಎರಡೂ ಸೊರಗುತ್ತವೆ.

ಬೀಜ ನೆನೆಸಿ ಊರುವುದು

ಬೆಂಡೆ ಬೀಜದ ಸಿಪ್ಪೆ ಗಟ್ಟಿ. ಸಂಜೆ ಉಗುರು ಬೆಚ್ಚಗಿನ ನೀರಲ್ಲಿ ಹಾಕಿ ಬೆಳಿಗ್ಗೆವರೆಗೆ, ಅಂದರೆ ಹತ್ತು ಹನ್ನೆರಡು ಗಂಟೆ ನೆನೆಸಿ. ತೇಲಿದ್ದನ್ನು ತೆಗೆದುಬಿಡಿ. ಮುಳುಗಿದ್ದನ್ನು ಬಸಿದು, ಬಟ್ಟೆಯ ಮೇಲೆ ಹರಡಿ ಮೇಲ್ನೀರು ಆರಿಸಿ, ಕೆಜಿ ಬೀಜಕ್ಕೆ ನಾಲ್ಕು ಗ್ರಾಂ ಟ್ರೈಕೋಡರ್ಮಾ ಎಂಬ ಉಪಕಾರಿ ಶಿಲೀಂಧ್ರದ ಪುಡಿಯ ಲೆಕ್ಕದಲ್ಲಿ ಸವರಿ. ಮನೆಗಾದರೆ ಚಿಟಿಕೆ ಸಾಕು. ಇದು ಬುಡ ಕೊಳೆಯುವುದನ್ನು ತಡೆಯುತ್ತದೆ. ಅಂಗಡಿಯ ಬೀಜಕ್ಕೆ ಕೆಂಪು ಅಥವಾ ನೀಲಿ ಬಣ್ಣದ ಔಷಧಿ ಹಚ್ಚಿದ್ದರೆ ನೆನೆಸಬೇಡಿ, ಹಾಗೇ ಊರಿ, ಊರಿದ ಮೇಲೆ ಕೈ ತೊಳೆಯಿರಿ.

ಸಾಲಿನಿಂದ ಸಾಲಿಗೆ ಎರಡಡಿ, ಗಿಡದಿಂದ ಗಿಡಕ್ಕೆ ಒಂದಡಿ. ಒಂದು ಕುಳಿಗೆ ಎರಡು ಬೀಜ, ಬೆರಳಿನ ಒಂದು ಗೆಣ್ಣು ಆಳ. ಅದಕ್ಕಿಂತ ಆಳಕ್ಕೆ ಹೋದರೆ ಮಳೆಗೆ ಮಣ್ಣು ಗಟ್ಟಿಯಾಗಿ ಮೊಳಕೆ ತಲೆ ಎತ್ತುವುದಿಲ್ಲ. ನಾಲ್ಕರಿಂದ ಆರು ದಿನಕ್ಕೆ ಏಳುತ್ತವೆ. ಎರಡೂ ಎದ್ದರೆ ಹತ್ತನೇ ದಿನ ಸಣ್ಣದನ್ನು ಚಿವುಟಿ ತೆಗೆಯಿರಿ. ಕಿತ್ತರೆ ಪಕ್ಕದ್ದರ ಬೇರೂ ಅಲುಗುತ್ತದೆ. ಇದರ ತಾಯಿಬೇರು ನೇರ ಕೆಳಗೆ ಹೋಗುವಂಥದ್ದು, ಕಿತ್ತು ನೆಟ್ಟರೆ ಚೇತರಿಸಿಕೊಳ್ಳುವುದಿಲ್ಲ. ಹಾಗಾಗಿ ಬದನೆ, ಮೆಣಸಿನಂತೆ ಸಸಿಮಡಿ ಮಾಡುವ ಯೋಚನೆ ಬೇಡ. ಬಿತ್ತನೆಗೆ ಎಕರೆಗೆ ಮೂರು ನಾಲ್ಕು ಕೆಜಿ ಬೀಜ ಸಾಕು, ಹೈಬ್ರಿಡ್ ಆದರೆ ಇನ್ನೂ ಕಡಿಮೆ.

ನಾಲ್ಕು ಜನರ ಮನೆಗೆ ಇಪ್ಪತ್ತು ಗಿಡ. ಚೆನ್ನಾಗಿ ಕಾಯಿ ಬಿಡುವ ಹೊತ್ತಿನಲ್ಲಿ ದಿನ ಬಿಟ್ಟು ದಿನ ಕಾಲು ಕೆಜಿಗೆ ಮೋಸವಿಲ್ಲ.

ಮೊದಲ ನಲವತ್ತು ದಿನ

ಕಳೆ ತೆಗೆಯುವುದು, ನೀರು, ಬುಡಕ್ಕೆ ಮಣ್ಣು ಏರಿಸುವುದು. ಬೇರೇನೂ ಇಲ್ಲ. ಬೇಸಿಗೆಯಲ್ಲಿ ಮೂರು ನಾಲ್ಕು ದಿನಕ್ಕೊಮ್ಮೆ ನೀರು, ಬುಡಕ್ಕೆ ಒಣಹುಲ್ಲಿನ ಹೊದಿಕೆ. ಹದಿನೈದು ದಿನಕ್ಕೊಮ್ಮೆ ಸಗಣಿ, ಗಂಜಲ, ಬೆಲ್ಲ ಕಲಸಿ ಹುಳಿಸಿದ ಜೀವಾಮೃತವೋ, ಬರೀ ಸಗಣಿ ನೀರೋ ಬುಡಕ್ಕೆ ಹಾಕಿ.

ಈ ಸಮಯದಲ್ಲಿ ಅನೇಕರು ಗಾಬರಿಯಾಗಿ ಕೇಳುವ ಪ್ರಶ್ನೆಯೊಂದಿದೆ. ಬೆಳಿಗ್ಗೆ ಎಲೆಯ ಅಡಿ, ಎಳೆ ಕಾಂಡದ ಮೇಲೆ ಸಬ್ಬಕ್ಕಿಗಿಂತ ಸಣ್ಣ, ಗಾಜಿನಂಥ ಮಣಿಗಳು ಕಾಣುತ್ತವೆ. ಹುಳುವಿನ ಮೊಟ್ಟೆಯೆಂದು ಔಷಧಿ ಹೊಡೆದವರೂ ಇದ್ದಾರೆ. ಬೆರಳಿಂದ ಸವರಿ ನೋಡಿ, ಅಂಟಂಟು. ಅದು ಗಿಡದ್ದೇ ರಸ. ಗಿಡ ಚೆನ್ನಾಗಿ ಬೆಳೆಯುತ್ತಿರುವಾಗ ಹೊರಗೆ ಒಸರುತ್ತದೆ, ಅದಕ್ಕೆ ಇರುವೆಯೂ ಬರುತ್ತದೆ. ಏನೂ ಮಾಡಬೇಕಿಲ್ಲ. ಬೆಂಡೆಯ ಮೈಯೆಲ್ಲ ಲೋಳೆ ಎಂಬುದನ್ನು ನಾನು ಮೊದಲು ಕಂಡದ್ದು ಆ ಮಣಿಗಳಲ್ಲಿಯೇ.

ಹಳದಿ ರೋಗ ಮತ್ತು ಉಳಿದ ಕಾಟ

ಗುರುತಿಸುವುದನ್ನು ಮೊದಲು ಕಲಿಯಿರಿ. ಎಲೆಯನ್ನು ಬಿಸಿಲಿಗೆ ಹಿಡಿದು ನೋಡಿ. ನರಗಳು ಹಳದಿ, ನಡುವಿನ ಜಾಗ ಹಸಿರು, ಒಟ್ಟಾರೆ ಹಳದಿ ದಾರದಲ್ಲಿ ಹೆಣೆದ ಬಲೆಯಂತೆ ಕಂಡರೆ ಅದು ನಂಜುರೋಗ. ಅದಕ್ಕೆ ತದ್ವಿರುದ್ಧವಾಗಿ ನರ ಹಸಿರಿದ್ದು, ನಡುವೆ ಹಳದಿ ತಿರುಗಿದ್ದರೆ, ಅದೂ ಹೊಸ ಎಲೆಗಳಲ್ಲಿ, ಕಬ್ಬಿಣದ ಕೊರತೆ. ಎರಡಕ್ಕೂ ಅಜಗಜಾಂತರ. ಕೊರತೆಯನ್ನು ಗೊಬ್ಬರದಿಂದ ಸರಿಪಡಿಸಬಹುದು. ನಂಜಿಗೆ ಮದ್ದಿಲ್ಲ.

ನಂಜನ್ನು ಗಿಡದಿಂದ ಗಿಡಕ್ಕೆ ಒಯ್ಯುವುದು ಬಿಳಿನೊಣ. ಎಲೆ ಅಲುಗಿಸಿದರೆ ಅಕ್ಕಿಹಿಟ್ಟು ಚೆಲ್ಲಿದಂತೆ ಹಾರುತ್ತವಲ್ಲ, ಅವೇ. ಸಣ್ಣ ಗಿಡದಲ್ಲೇ ರೋಗ ಹತ್ತಿದರೆ ಫಸಲು ಕೈಬಿಟ್ಟಂತೆಯೇ; ಕಾಯಿ ಬಿಡಲು ಶುರುವಾದ ಮೇಲೆ ಬಂದರೆ ಒಂದಷ್ಟಾದರೂ ಸಿಗುತ್ತದೆ. ಹಾಗಾಗಿ ಮೊದಲ ಒಂದು ತಿಂಗಳು ಕಾವಲು ಜೋರಾಗಿರಬೇಕು. ಒಂದು ಬೇಸಿಗೆಯಲ್ಲಿ ಮೂಲೆಯ ಒಂದೇ ಗಿಡ ಹಳದಿಯಾದಾಗ, ಮೊಗ್ಗು ಬಂದಿದೆಯಲ್ಲ ಪಾಪ ಎಂದು ಕೀಳದೆ ಬಿಟ್ಟೆ. ಮೂರು ವಾರದಲ್ಲಿ ನಲವತ್ತು ಗಿಡಗಳೂ ಹಳದಿ. ಬಂದ ಕಾಯಿಯೂ ಬಿಳಿಚಿಕೊಂಡು, ಮುರುಟಿ, ನಾರಾಗಿತ್ತು. ಈಗ ಮೊದಲ ಹಳದಿ ನರ ಕಂಡ ಕ್ಷಣವೇ ಗಿಡ ಕಿತ್ತು ದೂರದಲ್ಲಿ ಹೂಳುತ್ತೇನೆ.

ತಡೆಯುವ ದಾರಿಗಳು ಹೀಗಿವೆ. ಮಡಿಯ ಸುತ್ತ ಎರಡು ಸಾಲು ಮುಸುಕಿನ ಜೋಳ ಅಥವಾ ಜೋಳ, ಬೆಂಡೆಗಿಂತ ಎರಡು ಮೂರು ವಾರ ಮುಂಚೆಯೇ ಬಿತ್ತಿದರೆ ಬಿಳಿನೊಣಕ್ಕೆ ಬೇಲಿಯಾಗುತ್ತದೆ. ಗಿಡದ ತಲೆಯ ಎತ್ತರಕ್ಕೆ ಅಂಟುಬಲೆ: ಹಳದಿ ಬಣ್ಣದ ಹಳೆಯ ಡಬ್ಬದ ಮುಚ್ಚಳಕ್ಕೆ ಹರಳೆಣ್ಣೆ ಸವರಿ ಕೋಲಿಗೆ ಸಿಕ್ಕಿಸಿದರೂ ಆಯಿತು. ವಾರಕ್ಕೊಮ್ಮೆ ಬೇವು. ಬೇವಿನ ಬೀಜದ ತಿರುಳು 50 ಗ್ರಾಂ ಜಜ್ಜಿ ಬಟ್ಟೆಯಲ್ಲಿ ಕಟ್ಟಿ ಒಂದು ಲೀಟರ್ ನೀರಲ್ಲಿ ರಾತ್ರಿಯಿಡೀ ನೆನೆಸಿ, ಬೆಳಿಗ್ಗೆ ಹಿಂಡಿ, ಸೋಸಿ, ಸ್ವಲ್ಪ ಸಾಬೂನು ನೀರು ಬೆರೆಸಿದರೆ ಕಷಾಯ ಸಿದ್ಧ. ತಿರುಳು ಸಿಗದವರು ಬೇವಿನ ಎಣ್ಣೆ, ಲೀಟರಿಗೆ ಐದು ಮಿಲಿ. ಸಂಜೆ ಹೊತ್ತು, ಎಲೆಯ ಅಡಿಭಾಗ ನೆನೆಯುವಂತೆ ಹೊಡೆಯಬೇಕು. ಮೇಲೆ ಹೊಡೆದರೆ ಹುಳು ಅಡಿಯಲ್ಲಿ ಆರಾಮಾಗಿರುತ್ತದೆ.

ಕಾಯಿಕೊರಕ ಬಂದರೆ ಮೊದಲು ಎಳೆ ಕುಡಿ ಜೋತುಬೀಳುತ್ತದೆ. ಆ ಕುಡಿಯನ್ನು ಹುಳುವಿರುವ ಜಾಗದ ತನಕ ಕತ್ತರಿಸಿ ತೆಗೆದು ಹಾಕಿ. ತೂತಾದ ಕಾಯಿಯನ್ನೂ ಗಿಡದಲ್ಲಿ ಬಿಡಬೇಡಿ. ಜಿಗಿಹುಳು ಹೆಚ್ಚಾದರೆ ಎಲೆಯಂಚು ಮೇಲಕ್ಕೆ ಮಡಚಿ ಸುಟ್ಟಂತಾಗುತ್ತದೆ, ಅದಕ್ಕೂ ಬೇವೇ. ಎಲೆಯ ಮೇಲೆ ಬೂದಿ ಚೆಲ್ಲಿದಂತಾದರೆ ಬೂದಿರೋಗ, ನೀರಲ್ಲಿ ಕರಗುವ ಗಂಧಕ ಲೀಟರಿಗೆ ಎರಡು ಮೂರು ಗ್ರಾಂ.

ಒಂದು ಮಾತು ಒತ್ತಿ ಹೇಳುತ್ತೇನೆ. ಬೆಂಡೆ ದಿನ ಬಿಟ್ಟು ದಿನ ಕೊಯ್ಯುವ ಬೆಳೆ. ಇಂದು ವಿಷ ಹೊಡೆದು ನಾಳೆ ಕೊಯ್ದರೆ ಅದು ನೇರ ಯಾರದೋ ಮಗುವಿನ ಊಟದ ಡಬ್ಬಿಗೆ ಹೋಗುತ್ತದೆ. ಬಾಟಲಿಯ ಮೇಲೆ ಎಷ್ಟು ದಿನ ಕಾಯಬೇಕೆಂದು ಬರೆದಿರುತ್ತದೆ. ಹೊಡೆಯಲೇಬೇಕಾದರೆ ಅಷ್ಟು ದಿನದ ಕಾಯಿಯನ್ನು ಕೊಯ್ದು ಗೊಬ್ಬರ ಗುಂಡಿಗೆ ಹಾಕುವ ಮನಸ್ಸು ಮಾಡಿಯೇ ಹೊಡೆಯಿರಿ.

ಕೊಯ್ಲು

ಊರಿದ ನಲವತ್ತನೇ ದಿನದ ಹೊತ್ತಿಗೆ ಹೂವು, ಐವತ್ತರ ಒಳಗೆ ಮೊದಲ ಕಾಯಿ. ಹೂವರಳಿದ ಐದಾರನೇ ದಿನ ಕಾಯಿ ಹದಕ್ಕೆ ಬರುತ್ತದೆ. ಎಂಟನೇ ದಿನಕ್ಕೆ ನಾರು. ಬೆಂಡೆಯಷ್ಟು ಅವಸರದ ತರಕಾರಿ ಇನ್ನೊಂದಿಲ್ಲ. ಎರಡು ದಿನ ಊರಿಗೆ ಹೋಗಿ ಬಂದರೆ ಅರ್ಧ ಕಾಯಿ ಬಲಿತಿರುತ್ತವೆ. ಬಲಿತವನ್ನೂ ಗಿಡದಲ್ಲಿ ಬಿಡದೆ ಕೊಯ್ಯಬೇಕು, ಇಲ್ಲದಿದ್ದರೆ ಬೀಜ ಕಟ್ಟಿತಲ್ಲ ಎಂದು ಗಿಡ ಹೂ ಬಿಡುವುದನ್ನೇ ಕಡಿಮೆ ಮಾಡುತ್ತದೆ.

ಬೆಳಿಗ್ಗೆ ಇಬ್ಬನಿ ಆರಿದ ಮೇಲೆ ಕೊಯ್ಯಿರಿ. ತೊಟ್ಟು ತಿರುಚಿ ಎಳೆದರೆ ಕಾಂಡದ ಸಿಪ್ಪೆ ಕಿತ್ತು ಬರುತ್ತದೆ, ಸಣ್ಣ ಕತ್ತರಿ ಒಳ್ಳೆಯದು. ತುಂಬುತೋಳಿನ ಅಂಗಿ ಹಾಕಿಕೊಳ್ಳಿ. ಗಿಡದ ಸಣ್ಣ ಮುಳ್ಳುಕೂದಲು ಮೊಣಕೈಯ ಒಳಭಾಗಕ್ಕೆ ತಾಗಿದರೆ ಮಧ್ಯಾಹ್ನದವರೆಗೆ ತುರಿಕೆ. ಮೊದಲೇ ಕೊಬ್ಬರಿ ಎಣ್ಣೆ ಸವರಿಕೊಂಡರೆ ಅಷ್ಟು ಕಾಡುವುದಿಲ್ಲ.

ಎರಡು ತಿಂಗಳು ಕೊಯ್ದ ಮೇಲೆ ಕಾಯಿ ಕಡಿಮೆಯಾಗುತ್ತದೆ. ಗಿಡಕ್ಕೆ ರೋಗವಿಲ್ಲದಿದ್ದರೆ ನೆಲದಿಂದ ಒಂದಡಿಗೆ ಕತ್ತರಿಸಿ, ಒಂದು ಬೊಗಸೆ ಗೊಬ್ಬರ ಕೊಟ್ಟು ನೀರುಣಿಸಿ. ಪಕ್ಕದಿಂದ ಕವಲೊಡೆದು ಇನ್ನೊಂದು ಸುತ್ತು ಕಾಯಿ ಕೊಡುತ್ತದೆ.

ಔಷಧಿಯ ಮಾತು

100 ಗ್ರಾಂ ಹಸಿ ಬೆಂಡೆಯಲ್ಲಿ ಇರುವುದು ಸುಮಾರು 33 ಕ್ಯಾಲೊರಿ. ನಾರಿನಂಶ 3 ಗ್ರಾಂ ಮೇಲೆ, ಸಿ ಜೀವಸತ್ವ 23 ಮಿಲಿಗ್ರಾಂ, ಕ್ಯಾಲ್ಸಿಯಂ 80 ಮಿಲಿಗ್ರಾಂ ಆಸುಪಾಸು, ಮೆಗ್ನೀಷಿಯಂ 57 ಮಿಲಿಗ್ರಾಂ, ಫೋಲೇಟ್ 60 ಮೈಕ್ರೋಗ್ರಾಂ. ಬಸುರಿಯರಿಗೆ ಫೋಲೇಟ್ ಎಷ್ಟು ಮುಖ್ಯವೆಂದು ಆಸ್ಪತ್ರೆಗೆ ಹೋದವರಿಗೆಲ್ಲ ಗೊತ್ತು. ಮಾತ್ರೆಯ ಬದಲಿಗೆ ಎಂದು ಮಾತ್ರ ಭಾವಿಸಬಾರದು.

ಇನ್ನು ಲೋಳೆ. ಹೆಚ್ಚಿದಾಗ ಚಾಕುವಿನಿಂದ ದಾರದಂತೆ ಎಳೆದು ಬರುವ ಅದು ನೀರಲ್ಲಿ ಕರಗುವ ನಾರು, ಸಕ್ಕರೆಯ ಅಣುಗಳು ಉದ್ದುದ್ದಕ್ಕೆ ಪೋಣಿಸಿಕೊಂಡ ಸರಪಳಿ. ಹೊಟ್ಟೆಗೆ ಹೋದಾಗ ಊಟವನ್ನು ಮಂದಗೊಳಿಸುತ್ತದೆ. ಅನ್ನ, ಮುದ್ದೆಯ ಸಕ್ಕರೆ ರಕ್ತಕ್ಕೆ ಒಮ್ಮೆಲೇ ನುಗ್ಗದೆ ನಿಧಾನಕ್ಕೆ ಇಳಿಯುತ್ತದೆ. ಪಿತ್ತರಸದ ಆಮ್ಲಗಳನ್ನು ಹಿಡಿದುಕೊಳ್ಳುವ ಗುಣವೂ ಪ್ರಯೋಗಾಲಯದಲ್ಲಿ ಕಂಡಿದೆ. ಪಿತ್ತರಸ ತಯಾರಾಗುವುದು ಕೊಲೆಸ್ಟರಾಲಿನಿಂದ, ಅದಕ್ಕೇ ಕೊಲೆಸ್ಟರಾಲಿಗೆ ಒಳ್ಳೆಯದೆಂಬ ಮಾತು. ಮಲಬದ್ಧತೆ ಇರುವವರಿಗೆ ಹೊಟ್ಟೆ ಸಲೀಸಾಗುವುದಂತೂ ಯಾರೂ ಮನೆಯಲ್ಲಿಯೇ ಕಾಣಬಹುದಾದ ಗುಣ.

ಸಕ್ಕರೆ ಕಾಯಿಲೆಗೆ? ಕೆಲವು ಸಣ್ಣ ಪ್ರಯೋಗಗಳಲ್ಲಿ ಬೆಂಡೆ ಸೇವಿಸಿದವರ ಉಪವಾಸದ ಸಕ್ಕರೆ ಸ್ವಲ್ಪ ಇಳಿದದ್ದು ಕಂಡಿದೆ. ಸ್ವಲ್ಪ ಎಂಬ ಪದವನ್ನು ಗಮನಿಸಿ. ಊಟದ ಜೊತೆ ಬೆಂಡೆ ಇರಲಿ, ಅನ್ನ ಒಂದು ಸೌಟು ಕಡಿಮೆಯಾಗಲಿ. ಮಾತ್ರೆ ಬಿಡುವಷ್ಟು ಭರವಸೆ ಅದರಲ್ಲಿಲ್ಲ. ರಾತ್ರಿ ಕಾಯಿ ಸೀಳಿ ನೆನೆಸಿದ ನೀರಿಗಿಂತ ಆ ಕಾಯಿಯನ್ನೇ ತಿನ್ನುವುದು ಮೇಲು, ಏಕೆಂದರೆ ನಾರಿನ ಬಹುಪಾಲು ಕಾಯಲ್ಲೇ ಉಳಿದಿರುತ್ತದೆ. ಇನ್ನೊಂದು ಸಂಗತಿ ವಿಡಿಯೊದವರು ಹೇಳುವುದಿಲ್ಲ. 2011ರಲ್ಲಿ ಪ್ರಕಟವಾದ ಬಾಂಗ್ಲಾದೇಶದ ಅಧ್ಯಯನವೊಂದರಲ್ಲಿ, ಬೆಂಡೆಯ ಲೋಳೆಯ ಜೊತೆ ಸಕ್ಕರೆ ಕಾಯಿಲೆಯ ಔಷಧಿಯಾದ ಮೆಟ್‌ಫಾರ್ಮಿನ್ ಕೊಟ್ಟ ಇಲಿಗಳಲ್ಲಿ ಆ ಔಷಧಿ ಮೈಗೆ ಹತ್ತುವುದೇ ಕಡಿಮೆಯಾಯಿತು. ಇಲಿಯಲ್ಲಿ ಆದದ್ದು ಮನುಷ್ಯರಲ್ಲೂ ಆಗಲೇಬೇಕೆಂದಿಲ್ಲ. ಆದರೂ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರು ದಿನಾ ಲೋಟಗಟ್ಟಲೆ ಬೆಂಡೆ ನೀರು ಕುಡಿಯುವ ಮುಂಚೆ ವೈದ್ಯರಿಗೆ ಒಂದು ಮಾತು ಹೇಳಿ. ಪಲ್ಯ, ಹುಳಿಯ ಪ್ರಮಾಣಕ್ಕೆ ಹೆದರುವುದು ಬೇಡ.

ಮೂತ್ರಪಿಂಡದಲ್ಲಿ ಆಕ್ಸಲೇಟ್ ಕಲ್ಲು ಆದವರು ಬೆಂಡೆಯನ್ನು ಮಿತವಾಗಿ ತಿನ್ನಬೇಕು, ಇದರಲ್ಲಿ ಆಕ್ಸಲೇಟ್ ಇದೆ. ರಕ್ತ ಹೆಪ್ಪುಗಟ್ಟದಿರಲು ವಾರ್ಫರಿನ್ ತೆಗೆದುಕೊಳ್ಳುವವರು ಇದ್ದಕ್ಕಿದ್ದಂತೆ ಜಾಸ್ತಿ ಮಾಡಬಾರದು, ಕೆ ಜೀವಸತ್ವ ಇದೆ.

ಉರಿಮೂತ್ರಕ್ಕೆ ಎಳೆ ಬೆಂಡೆಯ ಕಷಾಯ ಕುಡಿಸುವುದು ಹಳ್ಳಿಗಳಲ್ಲಿ ಇದೆ. ತಂಪು ಎಂಬ ನಂಬಿಕೆ, ನೀರೂ ಹೊಟ್ಟೆಗೆ ಸೇರುತ್ತದೆ. ನಾಲ್ಕೈದು ಎಳೆಕಾಯಿ ಹೆಚ್ಚಿ ಎರಡು ಲೋಟ ನೀರಲ್ಲಿ ಕುದಿಸಿ ಒಂದೂವರೆ ಲೋಟಕ್ಕಿಳಿಸಿ ಸೋಸುವುದು. ಜ್ವರವಿದ್ದರೆ, ಮೂತ್ರದಲ್ಲಿ ರಕ್ತ ಕಂಡರೆ ಕಷಾಯ ಕುಡಿದು ಕಾಯಬಾರದು, ಅದೇ ದಿನ ಆಸ್ಪತ್ರೆ. ತಲೆಕೂದಲಿಗೆ ದಾಸವಾಳದ ಎಲೆ ಕಿವುಚಿ ಹಚ್ಚುವ ಹಾಗೆ ಬೆಂಡೆ ಎಲೆಯ ಲೋಳೆಯನ್ನೂ ಹಚ್ಚಬಹುದು. ಎರಡು ಸಲ ಸೋಸಿ, ಆ ಮುಳ್ಳುಕೂದಲು ಉಳಿಯಬಾರದು.

ಚಿಕ್ಕಂದಿನಲ್ಲಿ ನಮಗೆಲ್ಲ ಹೇಳುತ್ತಿದ್ದರಲ್ಲ, ಬೆಂಡೆಕಾಯಿ ತಿಂದರೆ ಲೆಕ್ಕ ಚೆನ್ನಾಗಿ ಬರುತ್ತದೆ ಎಂದು. ಅದಕ್ಕೆ ಆಧಾರ ಇಲ್ಲ. ಆದರೆ ಆ ಮಾತಿನ ನೆಪದಲ್ಲಿ ತಟ್ಟೆಯ ಅಂಚಿಗೆ ಸರಿಸಿಟ್ಟ ಹೋಳುಗಳನ್ನೆಲ್ಲ ತಿಂದೆವು. ಹೇಳಿದ ಅಜ್ಜಿಯರಿಗೆ ಬೇಕಾಗಿದ್ದುದೂ ಅದೇ.

ಈ ಲೋಳೆಯ ಶಕ್ತಿ ಕಣ್ಣಾರೆ ನೋಡಬೇಕಾದರೆ ಆಲೆಮನೆಗೆ ಹೋಗಬೇಕು. ಮಂಡ್ಯದ ಕಡೆ ಹಳೆಯ ಪದ್ಧತಿಯಲ್ಲಿ ಬೆಲ್ಲ ಮಾಡುವವರು ಬೆಂಡೆ ಗಿಡದ ಹಸಿ ಕಾಂಡ, ಬೇರು ಜಜ್ಜಿ ನೀರಲ್ಲಿ ಹಾಕುತ್ತಾರೆ. ಕೈಯಾಡಿಸಿದರೆ ನೀರು ಮೊಟ್ಟೆಯ ಬಿಳಿಯಷ್ಟು ಮಂದವಾಗುತ್ತದೆ. ಕೊಪ್ಪರಿಗೆಯ ಕಬ್ಬಿನ ಹಾಲು ಕಾದು ಕುದಿಯತೊಡಗುವಾಗ ಅದನ್ನು ಸುರಿಯುತ್ತಾರೆ. ಹಾಲಿನಲ್ಲಿರುವ ಮಣ್ಣು, ಸಿಪ್ಪೆಯ ಪುಡಿ, ಕಸ ಎಲ್ಲವನ್ನೂ ಲೋಳೆ ಹಿಡಿದು ಒಟ್ಟುಗೂಡಿಸಿ ಕಪ್ಪು ನೊರೆಯಾಗಿ ಮೇಲೆ ತರುತ್ತದೆ. ಜಾಲರಿ ಸೌಟಿನಿಂದ ಅದನ್ನು ತೆಗೆದರೆ ಕೆಳಗೆ ತಿಳಿಯಾದ ಹೊನ್ನಿನ ಬಣ್ಣದ ರಸ. ಬೆಲ್ಲ ಬೆಳ್ಳಗೆ ಕಾಣಲೆಂದು ಹೈಡ್ರೋಸ್ ಎಂಬ ರಾಸಾಯನಿಕ ಸುರಿಯುವ ರೂಢಿ ಬಂದ ಮೇಲೆ ಬೆಂಡೆ ಹಾಕುವವರು ಕಡಿಮೆಯಾದರು. ಬೆಂಡೆ ಹಾಕಿದ ಬೆಲ್ಲದ ಬಣ್ಣ ಕಂದು. ಕೊಳ್ಳುವ ನಾವು ಕಂದು ಬೆಲ್ಲ ಕೇಳಿದರೆ ಮಾತ್ರ ಅದು ಉಳಿಯುತ್ತದೆ.

ಅಡುಗೆಮನೆಯಲ್ಲಿ

ಮೊದಲು ತೊಳೆಯಿರಿ, ಬಟ್ಟೆಯಲ್ಲಿ ಒರೆಸಿ, ಆಮೇಲೆ ಹೆಚ್ಚಿ. ಹೆಚ್ಚಿ ತೊಳೆದರೆ ಗುಣವೆಲ್ಲ ಮೋರಿಗೆ.

ಲೋಳೆ ಇಷ್ಟವಿಲ್ಲದವರಿಗೆ: ಹೋಳು ದೊಡ್ಡದಿರಲಿ, ಬಾಣಲೆ ಚೆನ್ನಾಗಿ ಕಾದಿರಲಿ, ಮುಚ್ಚಳ ಮುಚ್ಚಬೇಡಿ, ಉಪ್ಪು ಕೊನೆಗೆ. ಹುಣಸೆರಸ, ಮೊಸರು, ನಿಂಬೆ, ಯಾವ ಹುಳಿಯಾದರೂ ಲೋಳೆಯ ಎಳೆಯನ್ನು ಮುರಿಯುತ್ತದೆ. ಬೆಂಡೆಕಾಯಿ ಗೊಜ್ಜಿಗೆ ಹುಣಸೆ, ಪಚಡಿಗೆ ಮೊಸರು ಬಂದದ್ದು ಸುಮ್ಮನೆ ಅಲ್ಲ. ನಾರಿನ ಲಾಭ ಬೇಕೆನ್ನುವವರು ಹುಳಿಯಲ್ಲಿ, ಸಾರಿನಲ್ಲಿ ನೇರ ಹಾಕಿ ಬೇಯಿಸಿ. ಲೋಳೆ ರಸದಲ್ಲೇ ಉಳಿದು ಹೊಟ್ಟೆಗೆ ಹೋಗುತ್ತದೆ. ಹಾಲುಬೆಂಡೆ ಸಿಕ್ಕರೆ ಸಾಸಿವೆ ಮಾಡಿ: ತೆಳ್ಳಗೆ ಬಿಲ್ಲೆ ಹೆಚ್ಚಿ ಎರಡು ಚಮಚ ಎಣ್ಣೆಯಲ್ಲಿ ಬಾಡಿಸಿ, ಅರ್ಧ ಹೋಳು ಕಾಯಿತುರಿಗೆ ಅರ್ಧ ಚಮಚ ಸಾಸಿವೆ, ಒಂದು ಹಸಿಮೆಣಸು ಹಾಕಿ ನುಣ್ಣಗೆ ಬೀಸಿ, ಮೊಸರಿನ ಜೊತೆ ಕಲಸಿ, ಒಗ್ಗರಣೆ. ಬಿಸಿ ಮಾಡಬಾರದು.

ಕಾಯಿ ಹೆಚ್ಚಾದ ವಾರ ಬಾಳಕ. ಇಂಚುದ್ದದ ತುಂಡುಗಳನ್ನು ಸೀಳಿ, ಉಪ್ಪು, ಜಜ್ಜಿದ ಹಸಿಮೆಣಸು, ಇಂಗು ಹಾಕಿದ ಹುಳಿಮಜ್ಜಿಗೆಯಲ್ಲಿ ರಾತ್ರಿ ನೆನೆಸಿ ಹಗಲು ಒಣಗಿಸಿ, ಸಂಜೆ ಮತ್ತೆ ಅದೇ ಮಜ್ಜಿಗೆಗೆ. ಮಜ್ಜಿಗೆ ಮುಗಿದ ಮೇಲೆ ಗಲಗಲ ಸದ್ದಾಗುವವರೆಗೆ ಬಿಸಿಲು. ಮಳೆಗಾಲದಲ್ಲಿ ಕರಿದರೆ ಗಂಜಿಗೆ ಬೇರೇನೂ ಬೇಡ.

ಬೀಜ ಎತ್ತಿಡುವುದು

ಬೆಂಡೆ ತನ್ನ ಹೂವಿನಲ್ಲೇ ತಾನು ಪರಾಗಸ್ಪರ್ಶ ಮಾಡಿಕೊಳ್ಳುತ್ತದೆ. ಆದರೂ ಜೇನು ಬಂದು ಬೆರಕೆ ಮಾಡುವುದು ಸಾಕಷ್ಟು ಇದೆ. ಹಾಲುಬೆಂಡೆಯ ಪಕ್ಕ ಹಸಿರು ಬೆಂಡೆ ಇದ್ದರೆ ಮೂರನೇ ವರ್ಷಕ್ಕೆ ಅದು ಹಾಲುಬೆಂಡೆಯಾಗಿ ಉಳಿದಿರುವುದಿಲ್ಲ. ಬೀಜ ಪ್ರಮಾಣೀಕರಣದ ನಿಯಮದಲ್ಲಿ ತಳಿ ತಳಿಗಳ ನಡುವೆ 200 ಮೀಟರ್, ಮೂಲಬೀಜಕ್ಕೆ 400 ಮೀಟರ್ ಅಂತರ ಕೇಳುತ್ತಾರೆ. ಹಿತ್ತಲಲ್ಲಿ ಅಷ್ಟು ಜಾಗ ಎಲ್ಲಿಂದ ತರುವುದು? ಅದಕ್ಕೊಂದು ಉಪಾಯ. ನಾಳೆ ಅರಳುವ ಮೊಗ್ಗು ಸಂಜೆಯೇ ಉಬ್ಬಿ, ತುದಿಯಲ್ಲಿ ಹಳದಿ ಇಣುಕುತ್ತದೆ. ಆ ತುದಿಗೆ ನೂಲು ಸುತ್ತಿ ಗಂಟು ಹಾಕಿಬಿಡಿ. ಹೂ ಬಿಚ್ಚುವುದಿಲ್ಲ, ಜೇನು ಒಳಗೆ ಹೋಗುವುದಿಲ್ಲ, ಕಾಯಿ ಮಾತ್ರ ಕಟ್ಟುತ್ತದೆ. ತೊಟ್ಟಿಗೆ ಒಂದು ಬಣ್ಣದ ದಾರ ಕಟ್ಟಿ ಗುರುತಿಡಿ, ಮನೆಯವರು ಕೊಯ್ದುಬಿಡದ ಹಾಗೆ.

ರೋಗ ಮುಟ್ಟದ, ಚೆನ್ನಾಗಿ ಕಾಯಿಬಿಟ್ಟ ಎರಡು ಮೂರು ಗಿಡ ಆರಿಸಿ. ಹೂವಾದ ಒಂದು ತಿಂಗಳ ಮೇಲೆ ಕಾಯಿ ಕಂದಾಗಿ, ಏಣುಗಳಲ್ಲಿ ಬಿರುಕು ಕಾಣಿಸುತ್ತದೆ. ಆಗ ಕೊಯ್ದು, ಬಿಡಿಸಿ, ನೆರಳಲ್ಲಿ ಒಣಗಿಸಿ, ಒಲೆ ಬೂದಿ ಬೆರೆಸಿ ಗಾಜಿನ ಬಾಟಲಿಯಲ್ಲಿ ಹಾಕಿ. ತಳಿಯ ಹೆಸರು, ತಿಂಗಳು, ವರ್ಷ ಬರೆದಂಟಿಸಿ. ಎರಡು ವರ್ಷ ಚೆನ್ನಾಗಿ ಮೊಳೆಯುತ್ತದೆ.

ಗಿಡ ಕೀಳುವಾಗ ಬೇರು ನೋಡಿ. ಗಂಟಿದ್ದರೆ ಮುಂದಿನ ಬೆಳೆಗೆ ಆ ಮಡಿಯಲ್ಲಿ ಚೆಂಡುಹೂ. ಗಂಟಿಲ್ಲದಿದ್ದರೂ ಬೆಂಡೆಯ ಮೇಲೆ ಬೆಂಡೆ ಬೇಡ, ಹುರುಳಿಯೋ ಅಲಸಂದೆಯೋ ಹಾಕಿ. ಕಿತ್ತ ಕಾಂಡದಲ್ಲಿ ದಪ್ಪನೆಯ ನಾಲ್ಕಾರನ್ನು ತೊಟ್ಟಿಯ ನೀರಿನಲ್ಲಿ ಎರಡು ವಾರ ಮುಳುಗಿಸಿಟ್ಟರೆ ಸಿಪ್ಪೆ ಕೊಳೆತು ಉದ್ದನೆಯ ಬಿಳಿ ನಾರು ಬಿಟ್ಟುಕೊಳ್ಳುತ್ತದೆ. ತೊಳೆದು ಒಣಗಿಸಿ ಹೊಸೆದರೆ ಅಲಸಂದೆಯ ಬಳ್ಳಿಯನ್ನು ಕೋಲಿಗೆ ಕಟ್ಟಲು ಅದೇ ಹಗ್ಗ.